"ಎಲ್ಲಾ ಅಷ್ಟೇ ಬಿಡ್ರಿ" ಅನ್ನುವವರಿಗೆ ಏನಂತ ಉತ್ತರ ಕೊಡೋದು?

ಸೇಡಂರಸ್ತೆ_ಟೀಚರ್ · ಭಾನುವಾರ ರಾತ್ರಿ 8:50

ನಮಸ್ಕಾರ. ಅರ್ಧ ತತ್ವಜ್ಞಾನದ ಪ್ರಶ್ನೆ, ಅರ್ಧ ಹೊಟ್ಟೆಯುರಿ. ಸಹಿಸಿಕೊಳ್ಳಿ.

ನಾನು ಕಲಬುರಗಿಯಲ್ಲಿ ಕೆಎಎಸ್, ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವವರಿಗೆ ಪಾಠ ಹೇಳುತ್ತೇನೆ. ಸಂವಿಧಾನ, ಪಂಚಾಯತ್ ರಾಜ್, ನೀತಿಶಾಸ್ತ್ರ. ಮೊದಲಿನ ಎರಡಕ್ಕೆ ತಕರಾರಿಲ್ಲ. ನೀತಿಶಾಸ್ತ್ರ ಶುರುವಾದರೆ ಹಿಂದಿನ ಬೆಂಚಿನಲ್ಲಿ ನಗು. "ಪ್ರಾಮಾಣಿಕತೆ ಅಂದರೇನು?" ಅಂತ ಬೋರ್ಡ್ ಮೇಲೆ ಬರೆದರೆ "ಸಿಕ್ಕಿಬೀಳದೆ ಇರೋದು ಮೇಡಂ" ಅಂತಾರೆ. ನಾನೂ ನಗುತ್ತೇನೆ. ಮಾತು ಚೆನ್ನಾಗೇ ಇದೆ.

ಕಸಿವಿಸಿ ಆಗೋದು ಆಮೇಲೆ. ಅದೇ ಹುಡುಗ ಟೆಸ್ಟ್‌ನಲ್ಲಿ ಪ್ರಾಮಾಣಿಕತೆ ಬಗ್ಗೆ ಎರಡು ಪುಟ ಭರ್ಜರಿ ಉತ್ತರ ಬರೆಯುತ್ತಾನೆ. ಒಂದಕ್ಷರವನ್ನೂ ನಂಬದೆ. ಕೇಳಿದರೆ "ಮಾರ್ಕ್ಸ್ ಬೇಕಲ್ವಾ ಮೇಡಂ? ಎಲ್ಲಾ ಅಷ್ಟೇ ಬಿಡ್ರಿ" ಅಂತಾನೆ.

ಇವರಿಗೆ ಸಿಟ್ಟಿದ್ದಿದ್ದರೆ ನನಗೆ ಚಿಂತೆ ಇರುತ್ತಿರಲಿಲ್ಲ. ಸಿಟ್ಟೂ ಇಲ್ಲ. ಇಪ್ಪತ್ತೆರಡು ವರ್ಷಕ್ಕೇ ರಿಟೈರ್ ಆದವರ ಹಾಗೆ ಮಾತಾಡುತ್ತಾರೆ. ಈ ಸಿನಿಕತನಕ್ಕೆ ಯಾರಾದರೂ ಗಟ್ಟಿ ಉತ್ತರ ಕೊಟ್ಟಿದ್ದಾರಾ? ತತ್ವಜ್ಞಾನಿಗಳು, ಶರಣರು, ಯಾರಾದರೂ ಸರಿ. "ಪಾಸಿಟಿವ್ ಆಗಿರಿ" ಅನ್ನೋ ವಿಡಿಯೊ ಮಾತ್ರ ಕಳಿಸಬೇಡಿ, ಕೈ ಮುಗಿಯುತ್ತೇನೆ.

ಗಂಜ್_ಮಾತು · 9:04

ಮೇಡಂ, ಹುಡುಗ ಸರಿಯಾಗೇ ಹೇಳಿದ್ದಾನೆ. ಅವನಿಗ್ಯಾಕೆ ಮದ್ದು?

ನಾನು ಗಂಜ್‌ನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿ ಇಟ್ಟವನು. 2015ರಲ್ಲಿ ತೊಗರಿ ಬೇಳೆ ಕೆಜಿಗೆ 200 ರೂಪಾಯಿ ಮುಟ್ಟಿತು. ತೊಗರಿ ಬಿತ್ತಿ, ತೊಗರಿ ಬಿತ್ತಿ ಅಂತ ಎಲ್ಲರೂ ಹೇಳಿದರು. ರೈತ ಬಿತ್ತಿದ. ಮರುವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 5050 ಇತ್ತು, ಪೇಟೆಯಲ್ಲಿ ಅಷ್ಟೂ ಸಿಗಲಿಲ್ಲ. ಕಲಬುರಗಿ ರೈಲ್ವೆ ವಿಭಾಗಕ್ಕೆ 2014ರಲ್ಲಿ ಅಡಿಗಲ್ಲು ಬಿತ್ತು. ವಿಭಾಗ ಎಲ್ಲಿದೆ ಹುಡುಕಿ ಕೊಡಿ. ನಂಜುಂಡಪ್ಪ ವರದಿ 2002ರಲ್ಲಿ ಬಂತು, ಅತ್ಯಂತ ಹಿಂದುಳಿದ ತಾಲ್ಲೂಕು 39 ಅಂತ ಪಟ್ಟಿ ಮಾಡಿತು. ನಮ್ಮ ಭಾಗದ ಹೆಸರೇ ಜಾಸ್ತಿ ಅದರಲ್ಲಿ. ನಾವು ಈಗಲೂ ಆ ಪಟ್ಟಿಯನ್ನೇ ಓದುತ್ತಾ ಕೂತಿದ್ದೇವೆ.

ಇದಕ್ಕೆ ಸಿನಿಕತನ ಅನ್ನೋದು ಬೆಂಗಳೂರಿನವರು. ನಾವು ಅನುಭವ ಅಂತೀವಿ.

ಫರ್ಸಿಕಲ್ಲು · 9:07

ಕಾಕಾ ಮೊದಲ ಬಾಲ್‌ಗೇ ಸಿಕ್ಸರ್ 😄

ಬಿಸಿಲೂರ_ಮಾಸ್ತರ · 9:31

ಟೀಚರ್ ಅವರೇ, ಪ್ರಶ್ನೆ ಹಳೇದು. ತಮಾಷೆ ಏನಂದರೆ ಮೊದಲ ಸಿನಿಕರು ನಿಮ್ಮ ಹಿಂದಿನ ಬೆಂಚಿನವರಿಗೆ ಪೂರಾ ಉಲ್ಟಾ ಜನ.

ಕ್ರಿ.ಪೂ. 4ನೇ ಶತಮಾನದಲ್ಲಿ ಸಿನಿಕ್ ಅನ್ನೋ ಗ್ರೀಕ್ ಪಂಥದ ಡಯೋಜಿನಿಸ್ ಅಂತ ಒಬ್ಬ ಇದ್ದ. ಕಪ್ಪು ಸಮುದ್ರದ ದಂಡೆಯ ಸಿನೋಪೆ ಅವನ ಊರು. ನಾಣ್ಯ ಕೆಡಿಸಿದ ಆರೋಪದಲ್ಲಿ ಗಡೀಪಾರಾಗಿ ಅಥೆನ್ಸಿಗೆ ಬಂದ. ಪೀಪಾಯಿಯಲ್ಲಿ ವಾಸ. ಹಾಡಹಗಲೇ ದೀಪ ಹಿಡಿದು ಪೇಟೆಯಲ್ಲಿ ಮನುಷ್ಯನನ್ನು ಹುಡುಕಿದ. ಒಬ್ಬ ಹುಡುಗ ಬೊಗಸೆಯಲ್ಲಿ ನೀರು ಕುಡಿಯೋದು ನೋಡಿ, ತನ್ನ ಬಟ್ಟಲನ್ನೂ ಎಸೆದ. ಮನುಷ್ಯ ಅಂದರೆ ಪುಕ್ಕವಿಲ್ಲದ ಎರಡು ಕಾಲಿನ ಪ್ರಾಣಿ ಅಂತ ಪ್ಲೇಟೋ ಹೇಳಿದಾಗ, ಪುಕ್ಕ ಕಿತ್ತ ಕೋಳಿ ತಂದು "ತಗೊಳ್ಳಿ, ಪ್ಲೇಟೋನ ಮನುಷ್ಯ" ಅಂದ. ಅಲೆಕ್ಸಾಂಡರ್ ಎದುರಿಗೆ ಬಂದು ಏನು ಬೇಕು ಕೇಳು ಅಂದಾಗ, ಬಿಸಿಲಿಗೆ ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ ಅಂದನಂತೆ.

ಅಂದರೆ ಅವನು ಎಲ್ಲರನ್ನೂ ಗೇಲಿ ಮಾಡಿದ ನಿಜ. ಆದರೆ ಒಳ್ಳೆಯ ಬದುಕು ಅನ್ನೋದು ಇದೆ ಅಂತ ಪೂರ್ತಿ ನಂಬಿದ್ದ. ಆ ನಂಬಿಕೆಗೆ ಮನೆ, ಮಾನ, ಬಟ್ಟಲು ಎಲ್ಲ ಕೊಟ್ಟ. ಇವತ್ತಿನವನು ಏನೂ ಕೊಡಲ್ಲ. ನಗುತ್ತಾನೆ, ಸಂಬಳ ಎಣಿಸುತ್ತಾನೆ.

ಜರ್ಮನಿಯ ಪೀಟರ್ ಸ್ಲೋಟರ್‌ಡೈಕ್ 1983ರಲ್ಲಿ ಇದನ್ನೇ ಹಿಡಿದು ದೊಡ್ಡ ಗ್ರಂಥ ಬರೆದ. ಹಿಂದೆ ಜನ ಸುಳ್ಳನ್ನು ನಿಜ ಅಂತ ತಿಳಿದು ಮೋಸ ಹೋಗುತ್ತಿದ್ದರು. ಅವರಿಗೆ ನಿಜ ಹೇಳಿದರೆ ಎಚ್ಚರ ಆಗುತ್ತಿತ್ತು. ಈಗಿನವನಿಗೆ ಸುಳ್ಳು ಅಂತ ಗೊತ್ತೇ ಇದೆ, ಗೊತ್ತಿದ್ದೂ ಅದನ್ನೇ ಮಾಡುತ್ತಾನೆ. ಅವನಿಗೆ ನೀವೇನು ಹೇಳಿ ಎಚ್ಚರಿಸುತ್ತೀರಿ? ನಿಮ್ಮ ಎರಡು ಪುಟದ ಉತ್ತರದ ಹುಡುಗ ಇವನೇ.

ಬೆಂಗಳೂರ್_ವಲಸಿಗ · 9:38

ಮಾಸ್ತರ್, ಪೀಪಾಯಿ ಅಲ್ಲ. ಧಾನ್ಯ, ಎಣ್ಣೆ ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ನಮ್ಮ ಕಡೆಯ ಹರವಿಯ ಹತ್ತು ಪಟ್ಟು ದೊಡ್ಡದು ಅಂದ್ಕೊಳ್ಳಿ. ಮರದ ಪೀಪಾಯಿ ಆಮೇಲಿನ ಚಿತ್ರಕಾರರ ಕಾಣಿಕೆ.

ಬಿಸಿಲೂರ_ಮಾಸ್ತರ · 9:40

ಹರವಿಯಲ್ಲೇ ಇರಲಿ ಬಿಡಪ್ಪಾ. ಬಾಡಿಗೆ ಕೊಡಲಿಲ್ಲ ಅನ್ನೋದು ಮುಖ್ಯ.

ಫರ್ಸಿಕಲ್ಲು · 9:42

ಬಿಸಿಲಿಗೆ ಅಡ್ಡ ಬರಬೇಡ ಅಂದನಾ? ಮೇ ತಿಂಗಳಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಕೂರಿಸಬೇಕಿತ್ತು ಅವನನ್ನ. "ಅಲೆಕ್ಸಾಂಡರಣ್ಣಾ, ಅಲ್ಲೇ ನಿಂತ್ಕೊ, ನೆರಳು ಬೀಳ್ತದೆ, ಕುದುರೆನೂ ಈ ಕಡೆ ತಗೊಂಬಾ" ಅಂತಿದ್ದ.

ಶಹಾಪುರ_ಸೊಸೆ · 9:44

😂😂 ನಮ್ಮ ಯಾದಗಿರಿಗೂ ಒಂದು ಸೈನ್ಯ ಕಳಿಸಿ ನೆರಳಿಗೆ.

ಗಂಜ್_ಮಾತು · 9:50

ಮಾಸ್ತರ, ಈ ಕಥೆಗಳನ್ನು ಬರೆದಿಟ್ಟವರು ಯಾರು? ಡಯೋಜಿನಿಸ್ ಕಾಲದವರಾ?

ಬಿಸಿಲೂರ_ಮಾಸ್ತರ · 9:55

ಮುಖ್ಯವಾಗಿ ಡಯೋಜಿನಿಸ್ ಲೇರ್ಷಿಯಸ್. ಕ್ರಿ.ಶ. 3ನೇ ಶತಮಾನದವನು. ಅಂದರೆ ಐನೂರು ವರ್ಷದ ಮೇಲೆ. ಎಷ್ಟೋ ಕಥೆ ಬಾಯಿಂದ ಬಾಯಿಗೆ ಬಂದವು. ನೋಡು, ನೀನು ಈಗ ಕೇಳಿದೆಯಲ್ಲ, ಅದು ಸಂಶಯ. ಸಂಶಯ ಬೇರೆ, ಸಿನಿಕತನ ಬೇರೆ. ಸಂಶಯದವನು ಕೇಳುತ್ತಾನೆ, ಉತ್ತರಕ್ಕೆ ಕಾಯುತ್ತಾನೆ. ಸಿನಿಕ ಕೇಳೋದನ್ನೇ ಬಿಟ್ಟಿರುತ್ತಾನೆ, ಉತ್ತರ ಮೊದಲೇ ಗೊತ್ತಲ್ಲ ಅವನಿಗೆ!

ಗಂಜ್_ಮಾತು · 9:57

ಪಾಠ ಮಾಡೋ ಚಟ ರಿಟೈರ್ ಆದರೂ ಹೋಗಲ್ಲ ನಿಮಗೆ.

ಕಲ್ಯಾಣದಕ್ಕ · 10:15

ಗ್ರೀಸ್‌ವರೆಗೆ ಯಾಕೆ ಹೋಗಬೇಕು? ನಾನು ಬಸವಕಲ್ಯಾಣದವಳು.

ಶರಣರಿಗಿಂತ ಜಾಸ್ತಿ ಸಂಶಯ ಪಟ್ಟವರು ಯಾರಿದ್ದಾರೆ? ಗುಡಿ, ಜಾತಿ, ಯಜ್ಞ, ಅರಮನೆ, ಯಾವುದನ್ನೂ ಬಿಡಲಿಲ್ಲ. ಕಲ್ಲಿನ ಹಾವಿಗೆ ಹಾಲು ಎರೆದು ನಿಜದ ಹಾವನ್ನು ಹೊಡೆಯುವ ಜನ ಅಂತ ಬಸವಣ್ಣ ಮುಖಕ್ಕೇ ಹೇಳಿದರು. ಅಲ್ಲಿಗೇ ನಿಂತಿದ್ದರೆ ಬರೀ ವ್ಯಂಗ್ಯ ಆಗುತ್ತಿತ್ತು. ನಿಲ್ಲಲಿಲ್ಲ. ಕಾಯಕ ಅಂದರು, ದಾಸೋಹ ಅಂದರು. ಚಮ್ಮಾರ, ಅಂಬಿಗ, ಅಗಸ ಎಲ್ಲರೂ ಒಟ್ಟಿಗೆ ಕೂತು ವಾದ ಮಾಡುವ ಜಾಗ ಕಟ್ಟಿದರು.

ನನಗೆ ಬಹಳ ಇಷ್ಟ ಆಗೋದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಲಕ್ಕಮ್ಮ ಒಳಗೆ ಬಿಟ್ಟುಕೊಳ್ಳಲಿಲ್ಲ. ಇಷ್ಟು ಆಸೆ ಅರಸರಿಗೆ ಇರಲಿ, ನಮಗ್ಯಾಕೆ, ತೊಗೊಂಡು ಹೋಗಿ ಅಲ್ಲೇ ಸುರಿದು ಬಾ ಅಂದಳು. ಟೀಚರಕ್ಕಾ, ಪ್ರಾಮಾಣಿಕತೆಗೆ ನಿಮ್ಮ ಹುಡುಗ ಕೊಟ್ಟ ಉತ್ತರದ ಪಕ್ಕ ಇದನ್ನಿಟ್ಟು ನೋಡಿ. ಅಲ್ಲಿ ಹಿಡಿಯೋರು ಯಾರೂ ಇರಲಿಲ್ಲ. ಚೆಲ್ಲಿದ ಅಕ್ಕಿ, ಕೇಳೋರೂ ಇಲ್ಲ.

ಜೇವರ್ಗಿ_ಏಕತಾರಿ · 10:21

ಅಕ್ಕೋರೆ, ನಮ್ಮ ಕಡಕೋಳ ಮಡಿವಾಳಪ್ಪನನ್ನು ಬಿಟ್ಟರೆ ಹೇಗೆ? 19ನೇ ಶತಮಾನದಲ್ಲೂ ಡಂಭದ ಗುರುಗಳನ್ನು, ಜಾತಿಯನ್ನು ಝಾಡಿಸಿ ತತ್ವಪದ ಹಾಡಿದವನು. ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು. ನಮ್ಮ ಊರಲ್ಲಿ ಇವತ್ತಿಗೂ ರಾತ್ರಿ ಭಜನಿಗೆ ಕೂತರೆ ಆ ಪದಗಳು ಬರುತ್ತವೆ. ಬೈಗುಳವೂ ಉಂಟು, ಭಕ್ತಿಯೂ ಉಂಟು. ಬೈದವನು ಊರು ಬಿಟ್ಟು ಹೋಗಲಿಲ್ಲ, ಅದು ಮುಖ್ಯ.

ಗಂಜ್_ಮಾತು · 10:30

ಅಕ್ಕಾ, ಕಲ್ಯಾಣದಲ್ಲಿ ಕೊನೆಗೆ ಏನಾಯಿತು ಅದನ್ನೂ ಹೇಳಿಬಿಡಿ. ಹರಳಯ್ಯ, ಮಧುವರಸರನ್ನು ಎಳೆಹೂಟೆ ಕಟ್ಟಿ ಎಳೆಸಿದರು. ಬಿಜ್ಜಳನ ಕೊಲೆ ಆಯ್ತು. ಶರಣರು ದಿಕ್ಕಾಪಾಲಾಗಿ ಓಡಿದರು. ಮಂಟಪ ಹೋಯಿತು, ಜಾತಿ ಉಳಿಯಿತು. ಈಗ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರು. ನೂರಾರು ಕೋಟಿ. ಲಕ್ಕಮ್ಮ ಇದ್ದಿದ್ದರೆ ಲೆಕ್ಕ ಕೇಳುತ್ತಿದ್ದಳು.

ಕಲ್ಯಾಣದಕ್ಕ · 10:41

ಕೇಳಲಿ! ಕೇಳಬೇಕು ಅಂತಲೇ ನಾನು ಹೇಳ್ತಿರೋದು. ನೀವು ಕೇಳೋದೂ ಇಲ್ಲ ಅಣ್ಣಾ, "ಗೊತ್ತಿದ್ದದ್ದೇ" ಅಂತ ಚಹಾ ಕುಡಿಯುತ್ತೀರಿ.

ಇನ್ನು ಏನು ಉಳಿಯಿತು ಅಂದಿರಿ. ಓಡಿದವರು ಬರಿಗೈಯಲ್ಲಿ ಓಡಲಿಲ್ಲ. ಪಕ್ಕದ ವಿಜಯಪುರದಲ್ಲಿ ಫ.ಗು. ಹಳಕಟ್ಟಿ ಅಂತ ಒಬ್ಬ ವಕೀಲರು ಊರೂರು ಸುತ್ತಿ ತಾಳೆಗರಿ ಕೂಡಿಸಿದರು. 1923ರಲ್ಲಿ ವಚನಗಳ ಮೊದಲ ಸಂಪುಟ ಹೊರಬಂತು. ಸ್ವಂತ ಮುದ್ರಣಾಲಯ ಹಾಕೋಕೆ ಮನೆಯನ್ನೇ ಮಾರಿದರು. ವಕೀಲಿಕೆ ಮಾಡುತ್ತಾ ಆರಾಮಾಗಿ ಇರಬಹುದಿತ್ತು. "ಎಲ್ಲಾ ಅಷ್ಟೇ" ಅಂದಿದ್ದರೆ ಇವತ್ತು ನಿಮಗೆ ಹರಳಯ್ಯನ ಹೆಸರೂ ಗೊತ್ತಿರುತ್ತಿರಲಿಲ್ಲ.

ಶಹಾಪುರ_ಸೊಸೆ · 10:43

ಅಕ್ಕಾ 👏👏

ಫರ್ಸಿಕಲ್ಲು · 10:44

ಕಾಕಾ ಔಟ್?

ಗಂಜ್_ಮಾತು · 10:45

ಥರ್ಡ್ ಅಂಪೈರ್ ಕೇಳಿದ್ದೀನಿ.

ಮರುಪರೀಕ್ಷೆ_545 · 11:20

ನಾನು ಟೀಚರ್ ಹೇಳಿದ ಥರದ ಹುಡುಗ. ಬೇರೆಯವರ ಕ್ಲಾಸು, ಅದೇ ಹಿಂದಿನ ಬೆಂಚು.

2021ರ ಅಕ್ಟೋಬರ್ 3ಕ್ಕೆ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಬರೆದೆ. 54 ಸಾವಿರಕ್ಕಿಂತ ಜಾಸ್ತಿ ಜನ ಬರೆದರು. ಆಮೇಲಿನದು ಎಲ್ಲರಿಗೂ ಗೊತ್ತು. ಅಕ್ರಮದ ಬಾಲ ಸಿಕ್ಕಿದ್ದೇ ನಮ್ಮ ಕಲಬುರಗಿಯಲ್ಲಿ. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ನಮ್ಮಪ್ಪ ಎರಡು ಎಕರೆ ಹೊಲ ಲಾವಣಿಗೆ (ಗೇಣಿಗೆ) ಹಾಕಿದ್ದರು. ಅವ್ವ ಯಾರಾದರೂ ಮನೆಗೆ ಬಂದರೆ "ರಿಸಲ್ಟ್ ಬರಬೇಕು" ಅಂತ ಅಷ್ಟೇ ಹೇಳಿ ಒಳಗೆ ಹೋಗುತ್ತಿದ್ದರು. ನನ್ನ ರೂಮ್‌ಮೇಟ್ ಪುಸ್ತಕಗಳನ್ನು ರದ್ದಿಗೆ ತೂಕಕ್ಕೆ ಹಾಕಿ ಪುಣೆಗೆ ಹೋದ. ಈಗ ಅಲ್ಲಿ ಗೋಡೌನ್‌ನಲ್ಲಿ ಇದ್ದಾನೆ.

ನೀವು ಡಯೋಜಿನಿಸ್ ಅಂತೀರಿ, ಲಕ್ಕಮ್ಮ ಅಂತೀರಿ. ತಪ್ಪು ತಿಳಿಯಬೇಡಿ, ಓದೋಕೆ ಚೆನ್ನಾಗಿದೆ. ಆದರೆ ನಾವು ನಗೋದು ಜಗತ್ತಿನ ಬಗ್ಗೆ ಸಿದ್ಧಾಂತ ಇಟ್ಟುಕೊಂಡು ಅಲ್ಲ. ಇನ್ನೊಂದು ಸಲ ನಂಬಿದರೆ ಇನ್ನೊಂದು ಸಲ ಅದೇ ನೋವು. ನಕ್ಕರೆ ನೋವು ಕಡಿಮೆ. ಅಷ್ಟೇ ಲೆಕ್ಕ.

ಸೇಡಂರಸ್ತೆ_ಟೀಚರ್ · 11:28

ತಮ್ಮಾ, ಇದನ್ನು ಯಾರೂ ನನ್ನ ಮುಂದೆ ಹೀಗೆ ಬಿಡಿಸಿ ಹೇಳಿರಲಿಲ್ಲ. ಮರುಪರೀಕ್ಷೆ ಬರೆದೆಯಾ?

ಮರುಪರೀಕ್ಷೆ_545 · 11:30

ಬರೆದೆ. ಆಗಲಿಲ್ಲ. ಈಗ ಪಿಡಿಒಗೆ ಓದ್ತಿದ್ದೀನಿ. (ನಗಬೇಡಿ ಕಾಕಾ.)

ಗಂಜ್_ಮಾತು · 11:33

ನಗಲಿಲ್ಲಪ್ಪಾ.

ಬೆಂಗಳೂರ್_ವಲಸಿಗ · 11:52

ಮರುಪರೀಕ್ಷೆ ತಮ್ಮಾ, ನಿನ್ನ ಮಾತು ಒಪ್ಪುತ್ತೇನೆ. ಆದರೆ ಅದೇ ಪ್ರಕರಣದ ಇನ್ನೊಂದು ಮುಖ ನೋಡು. ಅಕ್ರಮ ಬಯಲಿಗೆ ಬಂದಿದ್ದು ಹೇಗೆ? ಒಎಂಆರ್ ಹಾಳೆಯ ಕಾರ್ಬನ್ ಪ್ರತಿ ಹೊರಗೆ ಬಂತು. ತುಂಬಿದ ಉತ್ತರಕ್ಕೂ ಸಿಕ್ಕ ಅಂಕಕ್ಕೂ ತಾಳೆ ಇಲ್ಲ ಅಂತ ಅಭ್ಯರ್ಥಿಗಳೇ ಕೂಗೆಬ್ಬಿಸಿದರು. ಆಮೇಲೆ ಸಿಐಡಿ ಬಂತು, ದೊಡ್ಡ ದೊಡ್ಡವರು ಒಳಗೆ ಹೋದರು. ಎಲ್ಲರೂ "ಎಲ್ಲಾ ಅಷ್ಟೇ ಬಿಡ್ರಿ" ಅಂದಿದ್ದರೆ ಆ 545 ಸೀಟು ಹಾಗೇ ಹಂಚಿ ಹೋಗುತ್ತಿತ್ತು. ದುಡ್ಡು ಕೊಟ್ಟು ಸೀಟು ಕೊಂಡವನಿಗೆ ಸಿನಿಕನಷ್ಟು ಅನುಕೂಲದ ಮನುಷ್ಯ ಬೇರೆ ಸಿಗಲ್ಲ. ಏನು ಮಾಡಿದರೂ ಆಶ್ಚರ್ಯ ಪಡಲ್ಲ, ದೂರೂ ಕೊಡಲ್ಲ.

ಇನ್ನೊಂದು. ಸಿನಿಕರು ಜಾಣರು ಅಂತ ನಮಗೆಲ್ಲ ಒಂದು ಭಾವನೆ ಇದೆ ಅಲ್ವಾ? ಓಲ್ಗಾ ಸ್ತಾವ್ರೋವಾ ಮತ್ತು ಡಾನಿಯೆಲ್ ಎಲೆಬ್ರೆಕ್ಟ್ 2018ರಲ್ಲಿ ಇದನ್ನು ಪರೀಕ್ಷೆ ಮಾಡಿದರು. 30 ದೇಶಗಳ ಸುಮಾರು 2 ಲಕ್ಷ ಜನರ ಅಂಕಿ ಅಂಶ. ಸಿನಿಕರು ಬುದ್ಧಿ ಪರೀಕ್ಷೆಗಳಲ್ಲಿ ಸರಾಸರಿ ಕಡಿಮೆಯೇ ಅಂಕ ತೆಗೆದರು. ನೋಡೋರ ಕಣ್ಣಿಗೆ ಮಾತ್ರ ಜಾಣರಾಗಿ ಕಾಣುತ್ತಾರೆ.

ಗಂಜ್_ಮಾತು · ಸೋಮವಾರ ಬೆಳಿಗ್ಗೆ 6:40

ರಾತ್ರಿ ಹನ್ನೆರಡಕ್ಕೆ ನನ್ನನ್ನು ದಡ್ಡ ಅಂದು ಮಲಗಿದ್ದೀಯ, ಭಲೇ.

ಬಿಸಿಲೂರ_ಮಾಸ್ತರ · 7:10

ವಲಸಿಗ, ಅರ್ಧ ಹೇಳಿದೆ ನೀನು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ಭ್ರಷ್ಟಾಚಾರ ಜಾಸ್ತಿ ಇರುವ ದೇಶಗಳಲ್ಲಿ ಈ ವ್ಯತ್ಯಾಸ ಕಡಿಮೆ ಆಗುತ್ತದೆ. ಅಂದರೆ ಜಾಣರು ಊರು ನೋಡಿ ಸಿನಿಕರಾಗುತ್ತಾರೆ, ಬಾಕಿ ಸಿನಿಕರು ಎಲ್ಲಿದ್ದರೂ ಸಿನಿಕರೇ. ಗಂಜ್‌ನವರ ವಾದಕ್ಕೆ ಅಷ್ಟು ಜಾಗ ಬಿಡಲೇಬೇಕು.

ಗಂಜ್_ಮಾತು · 7:12

ಮಾಸ್ತರ ನಿಮ್ಮ ಕಾಲಿಗೆ ಬಿದ್ದೆ. ಚಹಾ ನನ್ನದು.

ಬೆಂಗಳೂರ್_ವಲಸಿಗ · 7:45

ಕಾಕಾ, ನಿಮಗೊಂದು ಪ್ರಶ್ನೆ. ರೈತನಿಗೆ ಬಿತ್ತೋ ಮುಂಚೆ ದುಡ್ಡು ಕೊಡ್ತೀರಾ ಇಲ್ವಾ? ಎಲ್ಲರ ಹತ್ತಿರ ಬಾಂಡ್ ಪೇಪರ್ ಬರೆಸಿಕೊಳ್ತೀರಾ?

ಗಂಜ್_ಮಾತು · 8:05

ಕೊಡ್ತೀನಿ. ಬಾಂಡ್ ಇಲ್ಲ, ಕೆಂಪು ಖಾತೆ ಪುಸ್ತಕದಲ್ಲಿ ಹೆಸರು, ಮೊತ್ತ ಅಷ್ಟೇ. ಅವನು ಮಾಲು ನನ್ನ ಅಂಗಡಿಗೇ ತರುತ್ತಾನೆ. ಅವರಪ್ಪ ನಮ್ಮಪ್ಪನ ಅಂಗಡಿಗೆ ತರುತ್ತಿದ್ದ. ಒಂದು ಸಲ ಬೇರೆಯವರಿಗೆ ಹಾಕಿದರೆ ಮರುವರ್ಷ ದುಡ್ಡಿಲ್ಲ. ಬಂದು ಮಾತಾಡಿದರೆ ಮತ್ತೆ ಶುರು. ಯಾಕೆ ಕೇಳ್ತೀಯ?

ಬೆಂಗಳೂರ್_ವಲಸಿಗ · 8:20

1980ರ ಸುಮಾರಿಗೆ ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್‌ನಲ್ಲಿ ಒಂದು ಪಂದ್ಯ ಇಟ್ಟ. ಇಬ್ಬರು ಮತ್ತೆ ಮತ್ತೆ ವ್ಯವಹಾರ ಮಾಡಬೇಕು. ಪ್ರತಿ ಸಲ ನಂಬಬಹುದು, ಇಲ್ಲ ಮೋಸ ಮಾಡಬಹುದು. ಪಂಡಿತರೆಲ್ಲ ತಮ್ಮ ತಮ್ಮ ಉಪಾಯ ಕಳಿಸಿದರು. ಗೆದ್ದಿದ್ದು ಅನಾಟೋಲ್ ರಪೊಪೋರ್ಟ್ ಕಳಿಸಿದ ಎಲ್ಲಕ್ಕಿಂತ ಚಿಕ್ಕ ಉಪಾಯ. ಮೊದಲು ನಂಬು. ಮೋಸ ಆದರೆ ಮುಂದಿನ ಸಲ ತಿರುಗಿಸು. ಅವನು ಸರಿ ಹೋದರೆ ನೀನೂ ಸರಿ ಹೋಗು. ನಿಮ್ಮ ಕೆಂಪು ಪುಸ್ತಕದಲ್ಲಿ ಇರೋದೂ ಇದೇ. "ನಂಬಿದವನು ಕೆಟ್ಟ" ಅಂತ ಬಾಯಲ್ಲಿ ಹೇಳ್ತೀರಿ, ಅಂಗಡಿ ನಡೆಸೋದು ನಂಬಿಕೆ ಮೇಲೆ.

ಗಂಜ್_ಮಾತು · 8:31

ರೈತ ನನ್ನ ಎದುರಿಗೆ ಬರುತ್ತಾನಪ್ಪಾ, ಮುಖ ನೋಡ್ತೀನಿ. ಸರ್ಕಾರದ ಮುಖ ಎಲ್ಲಿ ನೋಡಲಿ? ಐದು ವರ್ಷಕ್ಕೊಮ್ಮೆ ಬರುತ್ತದೆ, ಅದೂ ಫ್ಲೆಕ್ಸ್‌ನಲ್ಲಿ.

ಅಡ್ಮಿನ್ · 8:40

ಚರ್ಚೆ ಚೆನ್ನಾಗಿದೆ. ಪಕ್ಷದ ಹೆಸರು, ನಾಯಕರ ಹೆಸರು ತಂದರೆ ಅಳಿಸುತ್ತೇನೆ. ಎರಡು ಕಮೆಂಟ್ ಆಗಲೇ ಅಳಿಸಿದ್ದೇನೆ.

ಫರ್ಸಿಕಲ್ಲು · 8:41

ಎಲ್ಲಾ ಅಡ್ಮಿನ್‌ಗಳೂ ಅಷ್ಟೇ ಬಿಡ್ರಿ.

ಜೇವರ್ಗಿ_ಏಕತಾರಿ · 9:02

ಫ್ಲೆಕ್ಸ್ ಅಂದಾಗ ನೆನಪಾಯಿತು. ಚೆಕ್ ದೇಶದ ವಾಸ್ಲಾವ್ ಹಾವೆಲ್ 1978ರಲ್ಲಿ ಒಬ್ಬ ತರಕಾರಿ ಅಂಗಡಿಯವನ ಬಗ್ಗೆ ಬರೆದಿದ್ದಾನೆ. ಆಗ ಅಲ್ಲಿ ಕಮ್ಯುನಿಸ್ಟ್ ಸರ್ಕಾರ. ಅಂಗಡಿಯವನು ಈರುಳ್ಳಿ, ಗಜ್ಜರಿ ನಡುವೆ "ಜಗತ್ತಿನ ಕಾರ್ಮಿಕರೇ ಒಂದಾಗಿ" ಅನ್ನೋ ಬೋರ್ಡ್ ಇಡುತ್ತಾನೆ. ಅವನಿಗೆ ಅದರಲ್ಲಿ ನಂಬಿಕೆ ಇಲ್ಲ. ಇಡಿಸಿದವರಿಗೂ ಇಲ್ಲ. ಓದೋರಿಗೂ ಇಲ್ಲ. ಆದರೂ ಇಡುತ್ತಾನೆ, ಯಾಕೆ ಸುಮ್ನೆ ತೊಂದರೆ ಅಂತ. ಹಾವೆಲ್ ಹೇಳೋದು, ಆ ವ್ಯವಸ್ಥೆ ನಿಂತಿರೋದೇ ಹೀಗೆ ನಂಬದೆ ಬೋರ್ಡ್ ಇಡುವವರ ಮೇಲೆ. ಒಬ್ಬ ಬೋರ್ಡ್ ತೆಗೆದರೆ ಉಳಿದವರಿಗೂ ತೆಗೆಯಬಹುದು ಅಂತ ಗೊತ್ತಾಗುತ್ತದೆ. ಅವನು ಅದಕ್ಕೇ ಜೈಲಿಗೂ ಹೋದ, 1989ರ ಕೊನೆಗೆ ದೇಶದ ಅಧ್ಯಕ್ಷನೂ ಆದ.

ನಮ್ಮ ಊರಲ್ಲಿ ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಚಂದಾ ಕೇಳಿದರೆ ಕೊಡೋರು ಎಲ್ಲರೂ ಒಳಗೊಳಗೆ ಬೈಯುತ್ತಾರೆ. ಕೊಡುತ್ತಾರೆ.

ಬೆಂಗಳೂರ್_ವಲಸಿಗ · 9:10

ಏಕತಾರಿ ಹಿಡಿದವರು ಹಾವೆಲ್ ಓದಿದ್ದೀರಲ್ಲ, ಸಲಾಂ.

ಜೇವರ್ಗಿ_ಏಕತಾರಿ · 9:12

ಭಜನಿ ರಾತ್ರಿ ಮಾತ್ರ ಇರುತ್ತದೆ ಅಣ್ಣಾ. ಹಗಲು ಲೈಬ್ರರಿ.

ಬಿದ್ರಿ_ಓಣಿ · 10:30

ನನಗೆ ತತ್ವಜ್ಞಾನ ಬರಲ್ಲ. ಮಾಸ್ತರ್ ಸಂಶಯ ಬೇರೆ, ಸಿನಿಕತನ ಬೇರೆ ಅಂದರಲ್ಲ, ಅದಕ್ಕೆ ನಮ್ಮ ಮನೆಯ ಕೆಲಸ ನೆನಪಾಯಿತು. ನಮ್ಮ ಮಾಮಾ ಬೀದರ್‌ನಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಮೈಲುತುತ್ತ ಒರೆಸಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಹೂವು ಬಳ್ಳಿ ಕೆತ್ತುತ್ತಾರೆ. ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬಿಸಿ ಮಾಡಿ ಕೋಟೆಯ ಮಣ್ಣು, ನವಸಾಗರ ಕಲಸಿ ಹಚ್ಚಬೇಕು. ಆಗ ಸತು ಪಕ್ಕಾ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಆ ಮಣ್ಣು ಎಲ್ಲಾದರೂ ಅಗೆದರೆ ಆಗಲ್ಲ. ಮಳೆ, ಬಿಸಿಲು ತಾಗದ ಹಳೆಯ ಜಾಗದ್ದು ಬೇಕು. ಮಾಮಾ ಒಂದು ಚಿಟಿಕೆ ತೆಗೆದು ನಾಲಿಗೆ ತುದಿಗೆ ಹಚ್ಚಿಕೊಳ್ಳುತ್ತಾರೆ, ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಎಷ್ಟೋ ಸಲ ಥೂ ಅಂತ ಉಗಿದು ಮುಂದೆ ಹೋಗುತ್ತಾರೆ. ಅವರು ಯಾವ ಮಣ್ಣನ್ನೂ ಸುಮ್ನೆ ನಂಬಲ್ಲ. ಹಾಗಂತ "ಎಲ್ಲಾ ಮಣ್ಣೂ ಅಷ್ಟೇ" ಅಂತಾನೂ ಅನ್ನಲ್ಲ. ಅಂದರೆ ಕೆಲಸವೇ ನಿಲ್ಲುತ್ತದೆ.

ಕಲ್ಯಾಣದಕ್ಕ · 10:36

ತಮ್ಮಾ, ತತ್ವಜ್ಞಾನ ಬರಲ್ಲ ಅಂತ ಇನ್ನೊಮ್ಮೆ ಹೇಳಬೇಡ.

ಫರ್ಸಿಕಲ್ಲು · 10:50

ಬಿದ್ರಿ ಹೂಜಿ ಬೆಲೆ ಎಷ್ಟಾಗುತ್ತದೆ ಈಗ? ತಂಗಿ ಮದುವೆಗೆ ಕೊಡಬೇಕು.

ಬಿದ್ರಿ_ಓಣಿ · 10:52

ಇನ್‌ಬಾಕ್ಸ್‌ಗೆ ಬನ್ನಿ ಅಣ್ಣಾ.

ಶಹಾಪುರ_ಸೊಸೆ · ಮಧ್ಯಾಹ್ನ 2:15

ಊಟ ಮಾಡಿ ಬಂದೆ (ಪುಂಡಿ ಪಲ್ಯ, ರೊಟ್ಟಿ, ಉರಿಬೇಡಿ). ನಮ್ಮ ಊರಿನ ಗ್ರಾಮಸಭೆ ಕಥೆ ಹೇಳಬೇಕು. ಊರಿನ ಹೆಸರು ಬೇಡ, ಸೊಸೆಯಾಗಿ ಅಲ್ಲೇ ಇರಬೇಕಲ್ಲ.

ನಮ್ಮಲ್ಲಿ ಗ್ರಾಮಸಭೆ ಅಂದರೆ ಹಾಜರಿ ಪುಸ್ತಕ ಮನೆಮನೆಗೆ ಬರುತ್ತದೆ. ಸಹಿ ಹಾಕು, ಮುಗೀತು. ಒಂದು ಸಲ ನಮ್ಮ ಕಟ್ಟೆ ಮೇಲೆ ಆ ಪುಸ್ತಕ ಇಟ್ಟು ಹುಡುಗ ನೀರು ಕುಡಿಯೋಕೆ ಒಳಗೆ ಬಂದ. ನಾನು ಹಾಳೆ ತಿರುವಿದೆ. ಹೆಬ್ಬೆಟ್ಟುಗಳ ಸಾಲಿನಲ್ಲಿ ನಮ್ಮ ಮುತ್ಯಾನ ಹೆಸರಿತ್ತು. ಮುತ್ಯಾ ತೀರಿಕೊಂಡು ಆಗ ಎರಡು ವರ್ಷದ ಮೇಲಾಗಿತ್ತು. ಹೆಬ್ಬೆಟ್ಟು ಮಾತ್ರ ನೀಲಿ ಶಾಯಿಯಲ್ಲಿ ಸ್ಪಷ್ಟವಾಗಿ ಒತ್ತಿದ್ದು. ಮೇಲೆ ಠರಾವು. ನಮ್ಮ ಓಣಿಯ ಚರಂಡಿ ಕೆಲಸಕ್ಕೆ ಎಲ್ಲರ ಒಪ್ಪಿಗೆ ಇದೆ, ಕೆಲಸ ಮುಗಿದಿದೆ ಅಂತ.

ಅತ್ತೆಗೆ ತೋರಿಸಿದೆ. ನಕ್ಕರು. "ಬದುಕಿದ್ದಾಗ ಯಾರೂ ಕರೀಲಿಲ್ಲ, ಸತ್ತ ಮೇಲೆ ಮೀಟಿಂಗ್‌ಗೆ ಹೋಗ್ಯಾರ" ಅಂದರು. ನಾನೂ ನಕ್ಕೆ. ಆಮೇಲೆ ಅತ್ತೆಯೇ ಹೇಳಿದರು, ಮುಂದಿನ ಸಭೆಗೆ ಹೋಗೋಣ, ಹಿಂದಿನ ಠರಾವು ಗಟ್ಟಿಯಾಗಿ ಓದಿ ಅಂತ ಕೇಳೋಣ. ಬೇರೇನೂ ಕೇಳೋದು ಬೇಡ. ಸ್ವಸಹಾಯ ಸಂಘದ ಹೆಂಗಸರು ಏಳೆಂಟು ಜನ ಹೋದೆವು. ಓದಿ ಅಂದೆವು. ಓದಿದರು. ಮುತ್ಯಾನ ಹೆಸರು ಬಂದಾಗ ಇಡೀ ಸಭೆ ಗೊಳ್ಳೆಂದಿತು.

ಚರಂಡಿ ಇನ್ನೂ ಅರ್ಧವೇ ಆಗಿದೆ, ಸುಳ್ಳು ಹೇಳಲ್ಲ. ಆದರೆ ಈಗ ಪ್ರತಿ ಸಭೆಯಲ್ಲಿ ಹಿಂದಿನ ಠರಾವು ಓದುತ್ತಾರೆ. ಪುಸ್ತಕ ಮನೆಮನೆಗೆ ಬರೋದು ನಿಂತಿದೆ.

ಮರುಪರೀಕ್ಷೆ_545 · 2:30

ಅಕ್ಕಾ ಇದನ್ನು ಪಿಡಿಒ ಇಂಟರ್‌ವ್ಯೂ ಇದ್ದರೆ ಹೇಳುತ್ತಿದ್ದೆ.

ಗಂಜ್_ಮಾತು · 3:05

ಸೊಸೆಯವರೇ, ಅತ್ತೆಗೆ ನನ್ನ ನಮಸ್ಕಾರ ಹೇಳಿ. ಆದರೂ ಒಂದು ಮಾತು. ಈ ಭರವಸೆ ಅನ್ನೋದನ್ನು ಮಾರುವವರೇ ಸಿನಿಕರನ್ನು ಹುಟ್ಟಿಸೋದು. ಪ್ರತಿ ಸಲ ಬಂದು "ಕಲ್ಯಾಣ" ಅಂತಾರೆ. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರನ್ನೇ ಕಲ್ಯಾಣ ಕರ್ನಾಟಕ ಮಾಡಿದರು. ಹೆಸರಿನ ಕಲ್ಯಾಣ ಆಯ್ತು. ಜನ ನಗದೆ ಏನು ಮಾಡಬೇಕು?

ಕಲ್ಯಾಣದಕ್ಕ · 3:20

371ಜೆ, ನಮ್ಮ ಭಾಗಕ್ಕೆ ಮೀಸಲಾತಿ ಕೊಟ್ಟ ಸಂವಿಧಾನದ ಕಲಮು, ಮರೆತಿರಾ? ವೈಜನಾಥ ಪಾಟೀಲರು ಅದನ್ನು ಹಿಡಿದುಕೊಂಡು ವರ್ಷಗಟ್ಟಲೆ ಹೋರಾಡಿದಾಗ ಎಲ್ಲರೂ ಆಗಲ್ಲ ಹೋಗೋದಿಲ್ಲ ಅಂತಲೇ ಅಂದರು. ಒಂದು ಸಲ ಕೇಂದ್ರ ತಿರಸ್ಕರಿಸಿತ್ತು ಕೂಡ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು, 98ನೇ ತಿದ್ದುಪಡಿ. ನನ್ನ ಅಣ್ಣನ ಮಗಳು ಅದೇ ಮೀಸಲಾತಿಯಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಅವಳ ಮುಂದೆ "ಎಲ್ಲಾ ಅಷ್ಟೇ" ಅಂದು ನೋಡಿ.

ಗಂಜ್_ಮಾತು · 3:24

ಸೀಟು ಬಂತು, ಒಪ್ಪಿದೆ. ಖಾಲಿ ಹುದ್ದೆ ತುಂಬಿದರಾ?

ಕಲ್ಯಾಣದಕ್ಕ · 3:25

ಅದನ್ನು ಕೇಳಿ ಅಂತಿದ್ದೀನಿ ನಿನ್ನೆಯಿಂದ!!

ಬಿಸಿಲೂರ_ಮಾಸ್ತರ · 4:00

ಗಂಜ್‌ನವರು ಭರವಸೆ ಮಾರುವವರ ಬಗ್ಗೆ ಹೇಳಿದ್ದು ಸರಿ. ಆದರೆ ಏನನ್ನೂ ನಂಬಲ್ಲ ಅನ್ನುವವರು ಸುಲಭವಾಗಿ ಮೋಸ ಹೋಗಲ್ಲ ಅಂತ ತಿಳಿಯಬೇಡಿ. ಹನ್ನಾ ಅರೆಂಟ್ 1951ರಲ್ಲಿ ನಾಜಿ ಜರ್ಮನಿ, ಸ್ಟಾಲಿನ್‌ನ ರಷ್ಯಾ ಎರಡನ್ನೂ ಇಟ್ಟುಕೊಂಡು ಇದನ್ನು ಬರೆದಳು. ಅಲ್ಲಿನ ಜನ ಒಂದೇ ಹೊತ್ತಿಗೆ ಎಲ್ಲವನ್ನೂ ನಂಬುತ್ತಿದ್ದರು, ಏನನ್ನೂ ನಂಬುತ್ತಿರಲಿಲ್ಲ. ಇವತ್ತು ಹೇಳಿದ ಸುಳ್ಳು ನಾಳೆ ಸಿಕ್ಕಿಬಿದ್ದರೆ ನಾಯಕನನ್ನು ಬಿಡುತ್ತಿರಲಿಲ್ಲ. ಸುಳ್ಳು ಅಂತ ನಮಗೆ ಮೊದಲೇ ಗೊತ್ತಿತ್ತು, ಎಂಥ ಚಾಲಾಕಿ ನೋಡು ಅಂತ ಮೆಚ್ಚುತ್ತಿದ್ದರು.

ಶಹಾಪುರ_ಸೊಸೆ · 4:06

ಗಂಜ್ ಕಾಕಾ, ಪತ್ರಿಕೆ ಎಲ್ಲಾ ಸುಳ್ಳು ಅನ್ನೋ ನೀವೇ ಹೋದ ವಾರ ಸಂಧಿವಾತಕ್ಕೆ ಎಕ್ಕದ ಎಲೆ ಮಂತ್ರ ಫಾರ್ವರ್ಡ್ ಮಾಡಿದ್ದು ಅಲ್ವಾ?

ಗಂಜ್_ಮಾತು · 4:08

ಅದು ನಮ್ಮ ಬೀಗರು ಕಳಿಸಿದ್ದು.

ಫರ್ಸಿಕಲ್ಲು · 4:08

ಔಟ್!!!

ಸೇಡಂರಸ್ತೆ_ಟೀಚರ್ · ಸಂಜೆ 6:30

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಾಸಿನಲ್ಲಿ ಲಕ್ಕಮ್ಮನ ಕಥೆ ಹೇಳಲಿಲ್ಲ. ನೀತಿ ಪಾಠ ಅಂತ ವಾಸನೆ ಬಂದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಆರ್‌ಟಿಐ (ಮಾಹಿತಿ ಹಕ್ಕು) ಕಾಯ್ದೆ ಪಾಠ ಇತ್ತು. ಕಲಮು ಓದಿಸೋ ಬದಲು, ನಿಮ್ಮ ನಿಮ್ಮ ಊರಿನ ಒಂದು ಸುಳ್ಳು ಹುಡುಕಿ, ಅದರ ಮೇಲೆ ಅರ್ಜಿ ಬರೆದು ತನ್ನಿ ಅಂದೆ. ಹಿಂದಿನ ಬೆಂಚಿನವರು ಮೊದಲ ಸಲ ಪೆನ್ನು ತೆಗೆದರು. ಸುಳ್ಳು ಹುಡುಕೋ ಕೆಲಸ ಅಲ್ವಾ, ಅವರಿಗೆ ಬಹಳ ಇಷ್ಟ.

ಮರುಪರೀಕ್ಷೆ_545 · 6:41

ಮೇಡಂ ನಿಮ್ಮ ಕ್ಲಾಸ್ ಸೇಡಂ ರಸ್ತೆಯಲ್ಲಿ ಎಲ್ಲಿ ಬರುತ್ತದೆ? ಫೀಸ್ ಎಷ್ಟು?

ಗಂಜ್_ಮಾತು · 6:55

ಉತ್ತರ ಬರಲ್ಲ ಮೇಡಂ. ಮಾಹಿತಿ ಲಭ್ಯವಿಲ್ಲ ಅಂತ ಒಂದು ಸಾಲು ಬರುತ್ತದೆ, ನೋಡ್ತಾ ಇರಿ.

ಜೇವರ್ಗಿ_ಏಕತಾರಿ · 7:02

30 ದಿನದೊಳಗೆ ಬರಲಿಲ್ಲ ಅಂದರೆ ಮೊದಲ ಮೇಲ್ಮನವಿ. ಅದಕ್ಕೂ ಸೊಪ್ಪು ಹಾಕದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಗಂಜ್_ಮಾತು · 7:10

ಸರಿ. ಏನೂ ಆಗಲ್ಲ ಅಂತ ನಿಮಗೆಲ್ಲ ತೋರಿಸೋಕೇ ನಾನೊಂದು ಹಾಕ್ತೀನಿ. ನಮ್ಮ ಓಣಿಯ ಬೋರ್‌ವೆಲ್ ದುರಸ್ತಿ ಬಿಲ್ಲಿನ ಬಗ್ಗೆ. ಎಷ್ಟು ದುಡ್ಡು, ಎಷ್ಟು ಪುಟ ಬರೀಬೇಕು?

ಜೇವರ್ಗಿ_ಏಕತಾರಿ · 7:14

ಹತ್ತು ರೂಪಾಯಿ ಕಾಕಾ. ಬಿಪಿಎಲ್ ಇದ್ದರೆ ಅದೂ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು.

ಗಂಜ್_ಮಾತು · 7:16

150 ಪದ ನನಗೆ ಬೈಯೋಕೇ ಸಾಲಲ್ಲ.

ಶಹಾಪುರ_ಸೊಸೆ · 7:19

ಬೈಗುಳ ಬೇರೆ ಹಾಳೆಯಲ್ಲಿ ಬರೆದು ಮನೆಯಲ್ಲೇ ಇಟ್ಟುಕೊಳ್ಳಿ. ಅರ್ಜಿಯಲ್ಲಿ ಕಾಮಗಾರಿ ಆದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ಬಿಲ್ಲಿನ ಪ್ರತಿ ಕೊಡಿ ಅಂತ ಕೇಳಿ. "ಯಾಕೆ ಮಾಡಲಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಲ್ಲ. ಕೊಟ್ಟ ಮೇಲೆ ಸ್ವೀಕೃತಿ ಸಹಿ ಮರೀಬೇಡಿ. ತಾರೀಖು ಹಾಕಿದ್ದಾರಾ ನೋಡಿ, ಹಾಕಲ್ಲ ಅವರು.